ಬಟಾಣಿ ಹೇಳಿಕೊಟ್ಟ ಬೀಜದ ಗುಟ್ಟು



ಹೈಬ್ರಿಡ್ ಟೊಮೆಟೊ ಚೆನ್ನಾಗಿ ಬಂತೆಂದು ಅದೇ ಹಣ್ಣಿನ ಬೀಜ ತೆಗೆದು, ಒಣಗಿಸಿ, ಮರುವರ್ಷ ಹಾಕಿದ್ದೀರಾ? ಒಂದು ಗಿಡ ಎತ್ತರ, ಇನ್ನೊಂದು ಗಿಡ್ಡ. ಒಂದರಲ್ಲಿ ದಪ್ಪ ಹಣ್ಣು, ಮತ್ತೊಂದರಲ್ಲಿ ಗೋಲಿಯಷ್ಟು. ಆಗ ಮನೆಯಲ್ಲಿ ಏನಂತಾರೆ? "ನಿನ್ನ ಕೈಗುಣ ಸರಿಯಿಲ್ಲ!" ಅಲ್ಲ, ತಪ್ಪು ನಿಮ್ಮ ಕೈಯದಲ್ಲ. ಇದರ ಕಾರಣವನ್ನು 150 ವರ್ಷಕ್ಕೂ ಹಿಂದೆ ತೋರಿಸಿಕೊಟ್ಟವರು ಒಬ್ಬ ಕಥೋಲಿಕ ಮಠವಾಸಿ. ಅದೂ ನಾವು ಸಾಗುವಿಗೆ ಹಾಕುವ ಬಟಾಣಿಯಿಂದ.

ಅವರೇ ಗ್ರೆಗರ್ ಮೆಂಡೆಲ್. 1822ರಲ್ಲಿ ರೈತರ ಮನೆಯಲ್ಲಿ ಹುಟ್ಟಿದವರು. ಓದಲು ದುಡ್ಡಿಲ್ಲದಾಗ ತಂಗಿ ತೆರೇಸಿಯಾ ತನ್ನ ಮದುವೆಗೆಂದು ಇದ್ದ ಹಣದಲ್ಲಿ ಒಂದು ಪಾಲು ಕೊಟ್ಟಳು. (ಅಣ್ಣ ಮರೆಯಲಿಲ್ಲ. ಮುಂದೆ ಆಕೆಯ ಮಕ್ಕಳ ಓದಿಗೆ ನೆರವಾದರು.) ಇಂದಿನ ಚೆಕ್ ದೇಶದ ಬ್ರನೋ ಪಟ್ಟಣದಲ್ಲಿರುವ ಸಂತ ತೋಮಸರ ಮಠ ಸೇರಿ, 1856ರಿಂದ 1863ರವರೆಗೆ ಅಲ್ಲಿನ ತೋಟದಲ್ಲಿ ಸಾವಿರಾರು ಬಟಾಣಿ ಗಿಡ ಬೆಳೆಸಿದರು.

ಬಟಾಣಿ ಹೂವು ಅರಳುವ ಮೊದಲೇ ಒಳಗೊಳಗೇ ಪರಾಗ ಸೇರಿಸಿಕೊಳ್ಳುತ್ತದೆ. ಹಾಗಾಗಿ ಬೇರೆ ತಳಿ ಬೆರೆಯುವುದು ಅಪರೂಪ. ಮೆಂಡೆಲ್ ಮೊಗ್ಗು ಬಿಡಿಸಿ, ಗುಂಡುಕಾಳಿನ ತಳಿಗೂ ಸುಕ್ಕುಕಾಳಿನ ತಳಿಗೂ ಕೈಯಾರೆ ಪರಾಗ ಬೆರೆಸಿದರು. ಮೊದಲ ಪೀಳಿಗೆಯಲ್ಲಿ ಎಲ್ಲವೂ ಗುಂಡು! ಆದರೆ ಅವನ್ನೇ ಬಿತ್ತಿದಾಗ 5,474 ಗುಂಡು, 1,850 ಸುಕ್ಕು ಕಾಳು ಬಂದವು. ಅಂದರೆ ಹೆಚ್ಚುಕಡಿಮೆ ಮೂರಕ್ಕೆ ಒಂದು. ಅಡಗಿ ಕೂತಿದ್ದ ಗುಣ ಮೊಮ್ಮಕ್ಕಳಲ್ಲಿ ಹೊರಬಂತು. ನಮ್ಮಲ್ಲೂ "ಅಜ್ಜಿಯ ಮೂಗು ಮೊಮ್ಮಗಳಿಗೆ ಬಂತು" ಅಂತೀವಲ್ಲ, ಹಾಗೆ. 1866ರಲ್ಲಿ ಇದು ಅಚ್ಚಾದರೂ ಲೋಕ ಗಮನಿಸಿದ್ದು 1900ರಲ್ಲಿ, ಅವರು ತೀರಿಕೊಂಡು 16 ವರ್ಷವಾದ ಮೇಲೆ.

ಹೈಬ್ರಿಡ್ ಬೀಜವೆಂದರೆ ಆ ಮೊದಲ ಪೀಳಿಗೆ. ಬೆಳೆ ಒಂದೇ ಸಮ ಬರುತ್ತದೆ. ಅದರಿಂದ ತೆಗೆದ ಬೀಜದಲ್ಲಿ ಮಾತ್ರ ಗುಣಗಳು ಚದುರುತ್ತವೆ. ಬಟಾಣಿಯಲ್ಲಿ ಈ ಚಿಂತೆ ಕಡಿಮೆ. ಒಳ್ಳೆಯ ಗಿಡ ಗುರುತಿಸಿ, ಕಾಯಿ ಗಿಡದಲ್ಲೇ ಪೂರ್ತಿ ಒಣಗಲು ಬಿಟ್ಟು ಬೀಜ ತೆಗೆದರೆ ಮರುವರ್ಷವೂ ಅದೇ ತಳಿ. ಚಳಿಗಾಲದ ಬೆಳೆ ಇದು, ಹೂ ಬಿಡುವಾಗ ಸೆಖೆ ಆಗದು. ಬೇರಿನ ಗಂಟುಗಳು ಮಣ್ಣಿಗೆ ಸಾರಜನಕ ಕೊಡುತ್ತವೆ, ಒಣಕಾಳಿನಲ್ಲಿ 100 ಗ್ರಾಂಗೆ 20 ಗ್ರಾಂಗಿಂತ ಹೆಚ್ಚು ಪ್ರೋಟೀನ್ ಉಂಟು. ಸುಕ್ಕುಕಾಳಿನಲ್ಲಿ ಸಕ್ಕರೆ ಜಾಸ್ತಿ, ಹಸಿಯಾಗಿ ತಿನ್ನಲು ಅದೇ ರುಚಿ.

ಸಂಘದಿಂದ ಸಾಲ ತೆಗೆದು ತರಕಾರಿ ಬೀಜ ಕೊಳ್ಳುವಾಗ ಪ್ಯಾಕೆಟ್ ಮೇಲೆ 'ಹೈಬ್ರಿಡ್' ಅಥವಾ 'ಎಫ್-1' ಎಂದಿದೆಯಾ ನೋಡಿ. ಇದ್ದರೆ ಪ್ರತಿ ಬೆಳೆಗೂ ಹೊಸ ಬೀಜದ ಖರ್ಚನ್ನು ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ.