ಮರಗೆಲಸದ ಬಂಧುಗಳೂ ಉಜ್ಜುವ ಯಂತ್ರವೂ

ಪುಣೆಯ ಕನ್ನಡಿಗರೆಂದರೆ ಹೋಟೆಲಿನವರೇ ಎಂದು ಅನೇಕರು ತಿಳಿದಿರುವರು. ಉಳಿ, ಗರಗಸಗಳನ್ನು ನಂಬಿ ಬದುಕುವ ಬಂಧುಗಳೂ ನಮ್ಮಲ್ಲಿರುವರು. ಈ ನಾಲ್ಕು ಮಾತುಗಳು ಅವರಿಗಾಗಿ. ಅವರಿಗೆ ಕೆಲಸ ಕೊಡುವವರಿಗಾಗಿಯೂ ಹೌದು.

ನಾವು ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ಹನ್ನೆರಡು ಸಾಗುವಾನಿ ಮೇಜುಗಳಿಗೆ ಹೊಸದಾಗಿ ಪಾಲಿಶ್ ಮಾಡಿಸಿದೆವು. ಬೇಗ ಮುಗಿಯಲೆಂದು ಆಚಾರಿಗಳನ್ನು ಅವಸರಪಡಿಸಿದವರು ನಾವೇ. ಅವರು ಕಬ್ಬಿಣ ಕತ್ತರಿಸುವ ಗ್ರೈಂಡರಿಗೆ ಉಜ್ಜುವ ಬಿಲ್ಲೆಯನ್ನು ಸಿಕ್ಕಿಸಿ ಒಂದೇ ದಿನದಲ್ಲಿ ಕೆಲಸ ತೀರಿಸಿದರು. ಪಾಲಿಶ್ ಬಿದ್ದ ಮೇಲೆ ಮೇಜಿನ ತುಂಬ ಅರ್ಧಚಂದ್ರಾಕಾರದ ಗೀರುಗಳು ಎದ್ದು ಕಂಡವು. ಮೇಜುಗಳನ್ನೇನೋ ಮತ್ತೆ ಉಜ್ಜಿಸಿದೆವು. ಆದರೆ ಅಡಿಗೆಮನೆಯ ಹಿಂದೆ ಮಲಗಿದ್ದ ಆಚಾರಿಗಳ ರಾತ್ರಿಯೆಲ್ಲದ ಕೆಮ್ಮನ್ನು ಸರಿಪಡಿಸುವುದು ನಮ್ಮಿಂದಾಗಲಿಲ್ಲ.

ಗ್ರೈಂಡರು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುವುದು. ಅದು ಮರ ಉಜ್ಜಲು ಹುಟ್ಟಿದ ಯಂತ್ರವಲ್ಲ. ಮರಕ್ಕೆಂದೇ ಇರುವವುಗಳಲ್ಲಿ ಮೂರು ಮುಖ್ಯವಾದವು. ಬೆಲ್ಟ್ ಸ್ಯಾಂಡರ್ ಒರಟು ಹಲಗೆಯನ್ನು ಸಮತಟ್ಟು ಮಾಡುವುದು. ತೆಳುವಾದ ವಿನೀರಿನ ಮೇಲೆ ಅದನ್ನಿಟ್ಟರೆ ಕ್ಷಣದಲ್ಲಿ ಕೆಳಗಿನ ಪದರ ಕಾಣುವುದು. ಆರ್ಬಿಟಲ್ ಸ್ಯಾಂಡರಿನ ಚೌಕ ತಳ ಮೂಲೆಗಳಿಗೂ ಕೊನೆಯ ನಯಕ್ಕೂ ಒಳ್ಳೆಯದು. ರ‍್ಯಾಂಡಮ್ ಆರ್ಬಿಟ್ ಸ್ಯಾಂಡರಿನ ಬಿಲ್ಲೆ ತಿರುಗುತ್ತಲೇ ಕೇಂದ್ರ ತಪ್ಪಿ ಅಲುಗಾಡುವುದರಿಂದ ಗೀರು ಒಂದೇ ಜಾಡಿನಲ್ಲಿ ಬೀಳದು. ಒಂದೇ ಯಂತ್ರ ಕೊಳ್ಳಬಲ್ಲವರು 125 ಮಿಲಿಮೀಟರಿನ ಈ ಮೂರನೆಯದನ್ನೇ ಕೊಳ್ಳಲಿ. ಅದಕ್ಕೆ ವೇಗ ಬದಲಿಸುವ ಗುಂಡಿ, ಧೂಳು ಹೀರುವ ಕೊಳವೆಯನ್ನು ಜೋಡಿಸುವ ಬಾಯಿ ಇರಬೇಕು. ಅದರ ಬಿಡಿಭಾಗಗಳು ಪುಣೆಯಲ್ಲಿಯೇ ದೊರೆಯಬೇಕು. ರವಿವಾರ ಪೇಠೆಯ ಬೋಹರಿ ಆಳಿಯಲ್ಲಿ ಬೆಲೆ ಕೇಳುವ ಮೊದಲು ಇದನ್ನು ಕೇಳುವುದು ಜಾಣತನ.

ಇನ್ನು ಬಳಕೆ. ನಮ್ಮ ಊರಕಡೆಯವರು ಉಪ್ಪು ಕಾಗದವೆನ್ನುವ, ಇಲ್ಲಿಯವರು ಪಾಲಿಶ್ ಪೇಪರ್ ಎನ್ನುವ ವಸ್ತುವಿನಲ್ಲಿ ಸಂಖ್ಯೆ ಹೆಚ್ಚಿದಂತೆ ನಯ ಹೆಚ್ಚು. 80, 120, 180 ಎಂದು ಮೆಟ್ಟಿಲೇರಬೇಕು. ನಡುವಿನದನ್ನು ಹಾರಿದರೆ ಮೊದಲಿನ ಗೀರು ಉಳಿದು, ಪಾಲಿಶ್ ಬಿದ್ದಾಗ ಸಾಕ್ಷಿ ಹೇಳುವುದು. ಪ್ರತಿ ಸಲವೂ ಮರದ ಮೇಲೆ ಸೀಸದಕಡ್ಡಿಯಿಂದ ತೆಳುವಾಗಿ ಗೆರೆಗಳನ್ನೆಳೆದು, ಅವು ಅಳಿಯುವವರೆಗೆ ಉಜ್ಜಬೇಕು. ಯಂತ್ರವನ್ನು ಒತ್ತಬಾರದು. ಒತ್ತಿದರೆ ಬಿಲ್ಲೆಯ ತಿರುಗಾಟ ನಿಂತು ಸುಳಿಗಳು ಮೂಡುವವು. ರ‍್ಯಾಂಡಮ್ ಆರ್ಬಿಟ್ ಯಂತ್ರವನ್ನು ಮರದ ಮೇಲಿಟ್ಟು ಚಾಲೂ ಮಾಡಬೇಕು. ಬೆಲ್ಟ್ ಸ್ಯಾಂಡರನ್ನು ಚಾಲೂ ಮಾಡಿ ಮರಕ್ಕೆ ತಾಗಿಸಬೇಕು, ನಿಲ್ಲಿಸುವ ಮೊದಲು ಎತ್ತಬೇಕು.

ಎಲ್ಲಕ್ಕಿಂತ ದೊಡ್ಡದು ಧೂಳಿನ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿಯೇ ಮರದ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು. ಮೂಗು ಮತ್ತು ಅದರ ಸುತ್ತಲಿನ ಕುಹರಗಳು ಅದಕ್ಕೆ ಈಡಾಗುವವು. ಸಾಗುವಾನಿಯ ಧೂಳು ಕೆಲವರಿಗೆ ಚರ್ಮದ ತುರಿಯನ್ನೂ ತರುವುದು. ಕಣ್ಣಿಗೆ ಕಾಣುವ ಪುಡಿ ನೆಲಕ್ಕೆ ಬೀಳುವುದು. ಕಾಣದ ಪುಡಿ ಗಾಳಿಯಲ್ಲಿ ತೇಲುತ್ತಿದ್ದು ಉಸಿರಿನೊಡನೆ ಒಳಸೇರುವುದು. ಆದುದರಿಂದ ಯಂತ್ರದ ತೂತುಗಳಿಗೂ ಕಾಗದದ ತೂತುಗಳಿಗೂ ಸರಿಹೊಂದಿಸಿ, ಹೀರುವ ಕೊಳವೆಯನ್ನು ಜೋಡಿಸಿ, ಮುಖಕ್ಕೆ ಎನ್-95 ಮುಖವಾಡವನ್ನು ಬಿಗಿಯಾಗಿ ಕಟ್ಟಬೇಕು. ಹೆಗಲ ಮೇಲಿನ ಪಂಚೆ ಇದಕ್ಕೆ ಸಾಲದು. ಯಂತ್ರ ನಿಂತೊಡನೆ ಮುಖವಾಡ ತೆಗೆಯಲೂಬಾರದು. ಹಳೆಯ ಪಾಲಿಶ್ ಬೆರೆತ ಪುಡಿ ತಾನಾಗಿಯೇ ಕಾದು ಹೊತ್ತಿಕೊಳ್ಳಬಹುದಾದುದರಿಂದ ಚೀಲವನ್ನು ದಿನವೂ ಬರಿದುಮಾಡಬೇಕು.

ಕೊನೆಗೆ ಕೆಲಸ ಕೊಡುವ ಮಾಲೀಕರಲ್ಲಿ ಒಂದು ವಿನಂತಿ. ಕರಾರಿನ ಲೆಕ್ಕದಲ್ಲಿ ಮುಖವಾಡದ ದುಡ್ಡನ್ನೂ ಇನ್ನೊಂದು ದಿನದ ಕೂಲಿಯನ್ನೂ ಸೇರಿಸಿರಿ. ಆ ಒಂದು ದಿನವನ್ನು ನಾವು ಉಳಿಸಿದೆವು; ಅದರ ಬೆಲೆಯನ್ನು ತೆತ್ತವರು ಆಚಾರಿಗಳು.