ನೈಟ್ ಡ್ಯೂಟಿ ಮುಗಿಸಿ ಬಂದವಳನ್ನು ಎಬ್ಬಿಸಬೇಡಿ

ರಾತ್ರಿ ಎರಡು ಗಂಟೆಗೆ ಬೈಕ್ ಅಪಘಾತವಾದ ಹುಡುಗನನ್ನು ಕ್ಯಾಶುವಲ್ಟಿಗೆ ತರುತ್ತಾರೆ. ಹಿಂದೆಯೇ ಎರಡು ಕಾರು ತುಂಬ ಜನ. ನಮ್ಮಲ್ಲಿ ಹಾಗೇ ಅಲ್ವಾ, ಒಬ್ಬನಿಗೆ ಹೆಚ್ಚುಕಮ್ಮಿಯಾದರೆ ಇಡೀ ಮೊಹಲ್ಲಾವೇ ಹೊರಡುತ್ತದೆ. ಅದು ಪ್ರೀತಿ, ತಪ್ಪು ಅನ್ನುವುದಿಲ್ಲ. ಆದರೆ ಆ ಹದಿನೈದು ಜನರಿಗೂ ಹುಡುಗನ ಮಂಚಕ್ಕೂ ನಡುವೆ ನಿಲ್ಲುವವಳು ಇನ್‌ಚಾರ್ಜ್ ಸಿಸ್ಟರ್.

ನಮ್ಮ ಮನೆಗಳ ಹೆಣ್ಣುಮಕ್ಕಳು ಈಗ ನರ್ಸಿಂಗ್ ಕಲಿತು ಮಂಗಳೂರಿನಲ್ಲಿ, ದೇರಳಕಟ್ಟೆಯಲ್ಲಿ, ಗಲ್ಫಿನಲ್ಲಿ ದುಡಿಯುತ್ತಿದ್ದಾರೆ. ತುರ್ತು ವಿಭಾಗದ ಇನ್‌ಚಾರ್ಜ್ ಆಗಿರುವ ಒಬ್ಬರು ಇತ್ತೀಚೆಗೆ ನಮ್ಮೊಡನೆ ಮಾತಿಗೆ ಕೂತಿದ್ದರು. ಹೆಸರು ಹಾಕಬೇಡಿ ಅಂದರು, ಹಾಕುವುದಿಲ್ಲ. ರಕ್ತ ನೋಡಿ ಅವರಿಗೆ ಟೆನ್ಶನ್ ಆಗುವುದಿಲ್ಲವಂತೆ. ಅದು ಮೊದಲ ವರ್ಷದಲ್ಲೇ ಹೋಯಿತಂತೆ. ಡ್ಯೂಟಿ ಲಿಸ್ಟಿನಲ್ಲಿ ಐದು ಹೆಸರಿದ್ದು ಮೂವರೇ ಬಂದಾಗ ಎದೆ ಹೊಡೆದುಕೊಳ್ಳುತ್ತದೆ. ಜೂನಿಯರ್ ಹುಡುಗಿ ಬಾತ್‌ರೂಮಿನಲ್ಲಿ ಅಳುತ್ತಿರುತ್ತಾಳೆ, ಡಾಕ್ಟರ್ ಕೂಗುತ್ತಿರುತ್ತಾರೆ, ಬಾಗಿಲಲ್ಲಿ ಸಂಬಂಧಿಕರು. ಇವರ ಮುಖ ಮಾತ್ರ ಬದಲಾಗಬಾರದು. ಇವರ ಕೈ ನಡುಗಿದರೆ ಎಲ್ಲರ ಕೈಯೂ ನಡುಗುತ್ತದೆ.

ಹೆಚ್ಚಿನ ಜಗಳ ಶುರುವಾಗುವುದು ಸರದಿಯ ಮೇಲೆ. ಮೊದಲು ಬಂದದ್ದು ನಾವು, ಅವರನ್ನು ಯಾಕೆ ಒಳಗೆ ಕರೆದಿರಿ ಅಂತ. ಕ್ಯಾಶುವಲ್ಟಿ ಅಂದರೆ ರೇಷನ್ ಅಂಗಡಿ ಅಲ್ಲ ಮಾರಾಯ್ರೆ. ಅಲ್ಲಿ ಟ್ರಯಾಜ್ ಎಂಬ ವಿಂಗಡಣೆ ಉಂಟು: ಈಗಲೇ ನೋಡದಿದ್ದರೆ ಜೀವ ಹೋಗುವವರು ಕೆಂಪು, ಸ್ವಲ್ಪ ತಡೆಯಬಲ್ಲವರು ಹಳದಿ, ಕಾಯಬಲ್ಲವರು ಹಸಿರು. ಕೈ ಮುರಿದವನು ಕಿರುಚುತ್ತಾನೆ, ಹೃದಯಾಘಾತವಾದವರು ಕೆಲವೊಮ್ಮೆ ಸುಮ್ಮನೆ ಬೆವರುತ್ತಾ ಕೂತಿರುತ್ತಾರೆ. ಕಿರುಚುವವನನ್ನು ಬಿಟ್ಟು ಸುಮ್ಮನಿದ್ದವರ ಕಡೆ ಓಡುವ ಸಿಸ್ಟರ್‌ಗೆ ಬೈಗುಳ. ಆಸ್ಪತ್ರೆ ಸಿಬ್ಬಂದಿಯ ಮೇಲೆ ಕೈ ಮಾಡಿದರೆ ಶಿಕ್ಷಿಸಲು ಕರ್ನಾಟಕದಲ್ಲಿ 2009ರಿಂದ ಕಾನೂನಿದೆ. ಆದರೆ ಬೈಗುಳ ತಿಂದು ಮನೆಗೆ ಹೋದವಳ ನಿದ್ದೆಯನ್ನು ಯಾವ ಕಾನೂನು ಕೊಡುತ್ತದೆ?

ಇದು ಬೆಳೆದರೆ 'ಬರ್ನ್‌ಔಟ್' ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ಕೆಲಸಕ್ಕೆ ಸಂಬಂಧಿಸಿದ ಸಮಸ್ಯೆ ಎಂದೇ ಗುರುತಿಸಿತು, ಕಾಯಿಲೆ ಎಂದಲ್ಲ. ಬಳಲಿಕೆ, ಕೆಲಸದ ಮೇಲೆ ಜಿಗುಪ್ಸೆ, ತನ್ನಿಂದ ಏನೂ ಆಗುತ್ತಿಲ್ಲ ಎಂಬ ಭಾವನೆ. ನಮ್ಮ ಸಿಸ್ಟರ್‌ಗೆ ಗೊತ್ತಾದದ್ದು ಬೇರೆ ರೀತಿ. ರೋಗಿಗಳ ಹೆಸರು ಬಿಟ್ಟು 'ನಾಲ್ಕನೇ ಬೆಡ್', 'ಆರನೇ ಬೆಡ್' ಅಂತ ಕರೆಯತೊಡಗಿದ್ದರು. ಮನೆಯಲ್ಲಿ ಮಗನ ಮೇಲೂ ಅದೇ ಧ್ವನಿ.

ಆಮೇಲೆ ಅವರು ಕೆಲವು ಕ್ರಮ ಬದಲಿಸಿಕೊಂಡರು. ಶಿಫ್ಟ್ ಶುರುವಿನಲ್ಲೇ ಎಮರ್ಜೆನ್ಸಿ ಟ್ರಾಲಿ, ಆಕ್ಸಿಜನ್, ಡಿಫಿಬ್ರಿಲೇಟರ್ ನೋಡಿಟ್ಟು, ಯಾರು ಎದೆ ಒತ್ತುವುದು, ಯಾರು ಔಷಧಿ ಕೊಡುವುದು, ಯಾರು ಬರೆದುಕೊಳ್ಳುವುದು ಎಂದು ಹಂಚುತ್ತಾರೆ. ಎದೆ ಒತ್ತುವವರನ್ನು ಎರಡು ನಿಮಿಷಕ್ಕೊಮ್ಮೆ ಬದಲಿಸಬೇಕಲ್ಲ, ಅವರ ಹೆಸರೂ ಮೊದಲೇ ಗೊತ್ತಿರುತ್ತದೆ. ಕೂಗಾಟ ಅರ್ಧ ಕಮ್ಮಿ. ರೋಗಿ ತೀರಿಕೊಂಡರೆ ಎಲ್ಲರೂ ಒಂದು ನಿಮಿಷ ಮೌನವಾಗಿ ನಿಲ್ಲುತ್ತಾರೆ. ಅಮೆರಿಕದ ವರ್ಜೀನಿಯಾದಲ್ಲಿ ಜೊನಾಥನ್ ಬಾರ್ಟೆಲ್ಸ್ ಎಂಬ ನರ್ಸ್ ಶುರುಮಾಡಿದ ಪದ್ಧತಿ ಇದು. ಅವರವರ ಪ್ರಾರ್ಥನೆ ಅವರವರ ಮನಸ್ಸಿನಲ್ಲಿ. ನಂತರ ಜೂನಿಯರನ್ನು ನೀರು ಕುಡಿದು ಬಾ ಅಂತ ಕಳಿಸುತ್ತಾರೆ.

ಕಷ್ಟವಾದದ್ದು ತಾನು ಎದ್ದು ಹೋಗುವುದಂತೆ. ಎಲ್ಲರನ್ನೂ ಊಟಕ್ಕೆ ಕಳಿಸಿ ತಾನು ಬಿಸ್ಕಿಟ್ ತಿಂದು ರಾತ್ರಿ ಕಳೆಯುವುದು ದೊಡ್ಡಸ್ತಿಕೆ ಅಂದುಕೊಂಡಿದ್ದರು. ಈಗ ಜವಾಬ್ದಾರಿಯನ್ನು ಇನ್ನೊಬ್ಬ ಸೀನಿಯರ್‌ಗೆ ಒಪ್ಪಿಸಿ ಹದಿನೈದು ನಿಮಿಷ ಹೊರಗೆ ಕೂರುತ್ತಾರೆ. ಉಪವಾಸದ ತಿಂಗಳಲ್ಲೂ ಇಫ್ತಾರ್ ಪಾಳಿ ಹಾಕಿ, ತನ್ನ ಹೆಸರನ್ನೂ ಬರೆಯುತ್ತಾರೆ.

ಉಳಿದದ್ದು ಮನೆಯ ಪಾಲು. ಹಗಲಿನ ನಿದ್ದೆ ಮೊದಲೇ ತೆಳು, ದೇಹದ ಗಡಿಯಾರ ಒಪ್ಪುವುದಿಲ್ಲ. ನಮ್ಮಲ್ಲಿ ಆದರೆ ಹನ್ನೊಂದಕ್ಕೆ ನೆಂಟರು, ಹನ್ನೆರಡಕ್ಕೆ ದುಬೈಯ ಫೋನು, ಜೊತೆಗೆ 'ಹಗಲಿಡೀ ಮನೆಯಲ್ಲೇ ಇದ್ದಾಳಲ್ಲ' ಎಂಬ ಮಾತು. ಈ ಸಿಸ್ಟರ್ ಮನೆಯಲ್ಲೂ ಮೊದಲು ಹಾಗೇ ಇತ್ತು. ಒಮ್ಮೆ ಅತ್ತೆಯನ್ನೇ ಎದೆನೋವೆಂದು ಅದೇ ಕ್ಯಾಶುವಲ್ಟಿಗೆ ತರಬೇಕಾಯಿತು. ಪುಣ್ಯಕ್ಕೆ ಗ್ಯಾಸ್ಟ್ರಿಕ್. ಎರಡು ಗಂಟೆ ಅಲ್ಲಿ ಮಲಗಿದ್ದವರು ಸೊಸೆಯ ಓಡಾಟವನ್ನು ಕಣ್ಣಾರೆ ನೋಡಿದರು.

ಈಗ ಬೆಳಗ್ಗೆ ಯಾರೇ ಫೋನ್ ಮಾಡಲಿ, ಸೊಸೆ ಪಕ್ಕದ ಕೋಣೆಯಲ್ಲಿ ಪರದೆ ಎಳೆದು ಮಲಗಿರುವಾಗ, ಅವಳು ಡ್ಯೂಟಿಯಲ್ಲಿದ್ದಾಳೆ, ಸಂಜೆ ಮಾಡಿ ಅಂತ ಹೇಳಿ ಇಡುವವರು ಅವರೇ.