ಹತ್ತಡಿ ಬ್ಯಾನರಿಗೆ ಎಷ್ಟು ದೊಡ್ಡ ಕಂಪ್ಯೂಟರ್ ಬೇಕು?

1943ರ ಏಪ್ರಿಲ್ 1ರಂದು ಹಾವೇರಿ ಜಿಲ್ಲೆಯ ಹೊಸರಿತ್ತಿಯಲ್ಲಿ ಸ್ವಾತಂತ್ರ್ಯ ಹೋರಾಟಗಾರರಾದ ಮೈಲಾರ ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಗುಂಡಿಗೆ ಬಲಿಯಾದರು. ಆ ದಿನದ ಸ್ಮರಣೆಗೆ ಊರಿನವರು ಒಂದು ಬಟ್ಟೆ ಬ್ಯಾನರ್ ಮಾಡಿಸುತ್ತಾರೆ ಎಂದುಕೊಳ್ಳಿ. ಹತ್ತಡಿ ಅಗಲ, ನಾಲ್ಕಡಿ ಎತ್ತರ, ಒಂದು ಬದಿಗೆ ಮಹಾದೇವಪ್ಪನವರ ಚಿತ್ರ, ನಡುವೆ ಮೂವರ ಹೆಸರು. ವರದಾ ನದಿ ದಂಡೆಯ ಈ ಊರಲ್ಲಿ ಹೊಸದಾಗಿ ಡಿಟಿಪಿ ಅಂಗಡಿ ಇಡುವ ಹುಡುಗ ಈ ಕೆಲಸಕ್ಕೆ ಎಂಥ ಕಂಪ್ಯೂಟರ್ ಕೊಳ್ಳಬೇಕು, ಎಷ್ಟು ರೊಕ್ಕ ಹಾಕಬೇಕು? ಅಂಗಡಿಯಲ್ಲಿ ಕೇಳಿದರೆ ಮೊದಲು ಬರುವ ಮಾತು ‘ಗ್ರಾಫಿಕ್ಸ್ ಕೆಲಸ ಅಂದಮೇಲೆ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು’ ಎಂದು. ಆ ಮಾತನ್ನು ಬದಿಗಿಟ್ಟು, ಮೊದಲು ಬ್ಯಾನರನ್ನೇ ಅಳೆಯೋಣ.

ಹತ್ತಡಿ ಎಂದರೆ 120 ಇಂಚು, ನಾಲ್ಕಡಿ ಎಂದರೆ 48 ಇಂಚು. ಲಗ್ನಪತ್ರಿಕೆ ಮಾಡಿ ರೂಢಿಯಾದ ಕೈ ಇಲ್ಲಿಯೂ 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕೆ, ಇಟ್ಟರೆ ಚಿತ್ರ 36,000 ಅಗಲ, 14,400 ಎತ್ತರದ್ದಾಗುತ್ತದೆ, ಒಟ್ಟು 51.84 ಕೋಟಿ ಚುಕ್ಕೆ. ಮುದ್ರಣದ ಸಿಎಂವೈಕೆ ಬಣ್ಣದಲ್ಲಿ ಒಂದೊಂದು ಚುಕ್ಕೆಗೆ 4 ಬೈಟ್. ಹಿನ್ನೆಲೆಯ ಒಂದೇ ಪದರ 207 ಕೋಟಿ ಬೈಟ್, ಅಂದರೆ 2 ಜಿಬಿಗೂ ತುಸು ಹೆಚ್ಚು. ಚಿತ್ರ, ನೆರಳು, ಅಂಚು ಎಂದು ಐದು ಪದರ ಸೇರಿದರೆ 10 ಜಿಬಿ. ಫೋಟೋಶಾಪಿನ ಸಾಮಾನ್ಯ ಪಿಎಸ್‌ಡಿ ಫೈಲಿಗೆ ಒಂದು ಬದಿಗೆ 30,000 ಚುಕ್ಕೆ, ಒಟ್ಟು ತೂಕ 2 ಜಿಬಿ ಎಂಬ ಮಿತಿ ಇದೆ. ಈ ಬ್ಯಾನರನ್ನು ಆ ರೂಪದಲ್ಲಿ ಉಳಿಸಲಿಕ್ಕೇ ಆಗದು. ಕಂಪ್ಯೂಟರ್ ಏದುಸಿರು ಬಿಡುತ್ತದೆ, ಹುಡುಗ ‘ಯಂತ್ರ ಸಾಲದು’ ಎಂದುಕೊಂಡು ಇನ್ನೂ 20,000 ರೂಪಾಯಿ ಹಾಕಲು ಹೊರಡುತ್ತಾನೆ.

ಅದೇ ಬ್ಯಾನರನ್ನು 100 ಡಿಪಿಐಗೆ ಇಳಿಸಿ. 12,000 ಗುಣಿಸು 4,800, ಚುಕ್ಕೆ 5.76 ಕೋಟಿ. ಒಂದು ಪದರಕ್ಕೆ 0.23 ಜಿಬಿ, ಐದು ಪದರಕ್ಕೆ 1.15 ಜಿಬಿ. ಕೆಲಸ ಒಂಬತ್ತನೇ ಒಂದು ಪಾಲಿಗೆ ಇಳಿಯಿತು, ಒಂದು ಪೈಸೆಯೂ ಖರ್ಚಾಗಲಿಲ್ಲ.

ಹಾಗಾದರೆ ಬ್ಯಾನರ್ ಮಸುಕಾಗುವುದಿಲ್ಲವೇ? ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ 60ನೇ ಒಂದು ಭಾಗದಷ್ಟು ಕೋನದವರೆಗೆ ಎರಡು ಚುಕ್ಕೆಗಳನ್ನು ಬೇರೆಬೇರೆಯಾಗಿ ಕಾಣಬಲ್ಲದು. ಇದನ್ನು ಲೆಕ್ಕಕ್ಕೆ ಇಳಿಸಿದರೆ, ಒಂದಡಿ ದೂರದಲ್ಲಿ ಹಿಡಿದು ಓದುವ ಲಗ್ನಪತ್ರಿಕೆಗೆ ಇಂಚಿಗೆ ಸುಮಾರು 286 ಚುಕ್ಕೆ ಬೇಕು. 300 ಎಂಬ ರೂಢಿಗೆ ಇದು ಸರಿಯಾಗಿ ಕೂಡುತ್ತದೆ. ಮೂರಡಿ ದೂರಕ್ಕೆ 95 ಚುಕ್ಕೆ ಸಾಕು. ಹತ್ತಡಿ ದೂರದಿಂದ ನೋಡುವ ಬ್ಯಾನರಿಗೆ ಬೇಕಾದದ್ದು ಬರೀ 29. ಬ್ಯಾನರಿಗೆ 72ರಿಂದ 100 ಇಟ್ಟರೆ ಹತ್ತಿರ ಬಂದು ನೋಡುವವರಿಗೂ ಸಾಕಾಗುತ್ತದೆ. ಗಿರಾಕಿ ವಾಟ್ಸ್ಆ್ಯಪಿನಲ್ಲಿ ಕಳಿಸಿದ ಫೋಟೋ ಸಾಮಾನ್ಯವಾಗಿ ಉದ್ದದ ಬದಿಗೆ 1,600 ಚುಕ್ಕೆಯ ಆಸುಪಾಸಿಗೆ ಕುಗ್ಗಿ ಬರುತ್ತದೆ. ಅದನ್ನು ನಾಲ್ಕಡಿ ಎತ್ತರಕ್ಕೆ ಹಿಗ್ಗಿಸಿದರೆ ಇಂಚಿಗೆ ಸಿಗುವುದು 33 ಮಾತ್ರ. 300 ಡಿಪಿಐ ಕ್ಯಾನ್ವಾಸಿನ ಮೇಲೆ ಇಟ್ಟರೂ ಅದು 33ರ ಚಿತ್ರವೇ. ‘ಡಾಕ್ಯುಮೆಂಟ್ ಮಾಡಿ ಕಳಸ್ರಿ’ ಎಂದು ಗಿರಾಕಿಗೆ ಹೇಳುವ ಒಂದು ಮಾತು ಇಲ್ಲಿ ದುಬಾರಿ ಕಾರ್ಡಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಆದ್ದರಿಂದ ನನ್ನ ಮಾತು ಇಷ್ಟು: ಹೊಸರಿತ್ತಿಯಂಥ ಊರಿನ ಅಂಗಡಿಗೆ ರೊಕ್ಕ ಹೋಗಬೇಕಾದದ್ದು ರ‍್ಯಾಮ್, ಎಸ್‌ಎಸ್‌ಡಿ, ಒಳ್ಳೆಯ ಮಾನಿಟರ್ ಮತ್ತು ಯುಪಿಎಸ್‌ಗೆ. ಪದರಗಳ ಈ ತೂಕ ಹೊರುವುದು ರ‍್ಯಾಮ್, ಹಾಗಾಗಿ ಗ್ರಾಫಿಕ್ಸ್ ಕಾರ್ಡ್ ಬೇಡ.

ಒಟ್ಟು 56,000 ರೂಪಾಯಿ ಇಟ್ಟುಕೊಂಡು ಹೊರಟರೆ ನಾನು ಹಂಚುವುದು ಹೀಗೆ. ಇವು ಆಯಾ ಭಾಗಕ್ಕೆ ನಾನು ಹಾಕಿಕೊಂಡ ಮೇಲ್ಮಿತಿ, ಪೇಟೆಯ ದರಪಟ್ಟಿ ಅಲ್ಲ. ಆರು ಕೋರಿನ, ಒಳಗೇ ಗ್ರಾಫಿಕ್ಸ್ ಇರುವ ಪ್ರೊಸೆಸರಿಗೆ 12,000, ಮದರ್‌ಬೋರ್ಡಿಗೆ 7,000. 16 ಜಿಬಿ ರ‍್ಯಾಮಿಗೆ 9,000. 500 ಜಿಬಿ ಎಸ್‌ಎಸ್‌ಡಿಗೆ 4,500. ಕ್ಯಾಬಿನೆಟ್ ಮತ್ತು ಒಳ್ಳೆಯ ಕಂಪನಿಯ ಎಸ್‌ಎಂಪಿಎಸ್ ಸೇರಿ 5,000. 24 ಇಂಚಿನ ಐಪಿಎಸ್ ಮಾನಿಟರಿಗೆ 9,500. ಯುಪಿಎಸ್ 3,000, ಕೀಬೋರ್ಡ್-ಮೌಸ್ 1,000. ಉಳಿದ 5,000 ಹೊರಗಿನಿಂದ ಜೋಡಿಸುವ 1 ಟಿಬಿ ಹಾರ್ಡ್ ಡಿಸ್ಕಿಗೆ. ಗಿರಾಕಿಗಳ ಹಳೆಯ ಫೈಲುಗಳ ನಕಲು ಇರಬೇಕಾದದ್ದು ಅಲ್ಲಿ. ಮರುವರ್ಷದ ಜಾತ್ರೆಗೆ ಅದೇ ಡಿಸೈನ್ ಕೇಳಿಕೊಂಡು ಬರುವ ಗಿರಾಕಿಗೆ ‘ಫೈಲ್ ಹೋಯ್ತು’ ಎಂದರೆ ಅವನು ಹಾವೇರಿಗೆ ಬಸ್ ಹತ್ತುತ್ತಾನೆ.

ರ‍್ಯಾಮಿನ ದರದ ಬಗ್ಗೆ ಎಚ್ಚರವಿರಲಿ. ಎಐ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದ 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿ ಚಿಪ್ಪುಗಳ ಬೆಲೆ ಜೋರಾಗಿ ಏರಿತು. ಕ್ರೂಶಿಯಲ್ ಹೆಸರಿನಲ್ಲಿ ಸಾಮಾನ್ಯ ಗ್ರಾಹಕರಿಗೆ ಮಾರುತ್ತಿದ್ದ ವ್ಯಾಪಾರವನ್ನೇ ಬಿಡುವುದಾಗಿ ಮೈಕ್ರಾನ್ ಕಂಪನಿ ಆ ಡಿಸೆಂಬರಿನಲ್ಲಿ ಘೋಷಿಸಿತು. ಹಾಗಾಗಿ ಹೋದ ವರ್ಷದ ಕೊಟೇಶನ್ ನಂಬಿ ಹೋಗಬೇಡಿ. ಬೆಲೆ ಏರಿದೆ ಎಂದು 8 ಜಿಬಿಗೆ ಇಳಿಯಲೂ ಬೇಡಿ. ಫೋಟೋಶಾಪಿಗೆ ಕನಿಷ್ಠ ಎಂದು ಹೇಳುವುದೇ 8, ಸೂಕ್ತ ಎನ್ನುವುದು 16. ಎರಡು 8ರ ಬದಲು 16ರ ಒಂದೇ ಕಡ್ಡಿ ಕೊಂಡು ಇನ್ನೊಂದು ಸ್ಲಾಟ್ ಖಾಲಿ ಬಿಡಿ. ಎರಡು ಕಡ್ಡಿ ಇದ್ದರೆ ವೇಗ ತುಸು ಹೆಚ್ಚು, ನಿಜ. ಆದರೆ ಬೆಲೆ ಇಳಿದಾಗ ಹಳೆಯದನ್ನು ಬಿಸಾಡದೆ 32 ಮಾಡಿಕೊಳ್ಳುವುದು ನಮ್ಮಂಥವರಿಗೆ ದೊಡ್ಡ ಅನುಕೂಲ.

ಎಸ್‌ಎಸ್‌ಡಿ ಏಕೆ ಎಂಬುದಕ್ಕೆ ಕನ್ನಡ ಡಿಟಿಪಿಯ ಅಂಗಡಿಯಲ್ಲೇ ಕಾರಣವಿದೆ. ನುಡಿ, ಶ್ರೀಲಿಪಿ, ಬರಹ ಎಂದು ನೂರಾರು ಫಾಂಟ್ ತುಂಬಿಕೊಂಡಿರುತ್ತೇವೆ. ಪ್ರೋಗ್ರಾಂ ತೆರೆದಾಗ ಈ ಸಣ್ಣ ಸಣ್ಣ ಫೈಲುಗಳನ್ನೆಲ್ಲ ಹುಡುಕಿ ಓದಬೇಕು. ತಿರುಗುವ ಹಾರ್ಡ್ ಡಿಸ್ಕ್ ಸೆಕೆಂಡಿಗೆ ಹೆಚ್ಚೆಂದರೆ ನೂರರ ಆಸುಪಾಸು ಇಂಥ ಬಿಡಿ ಓದುಗಳನ್ನು ಮಾಡಬಲ್ಲದು. ಎಸ್‌ಎಸ್‌ಡಿ ಹತ್ತಾರು ಸಾವಿರ.

ಇನ್ನು ಬಣ್ಣ. ಈ ಸೀಮೆಯಲ್ಲಿ ಅಂಗಡಿ ಇಡುವವರಿಗೆ ಬ್ಯಾನರಿಗಿಂತ ಹೆಚ್ಚು ದಿನ ಬಾಳುವ ಕೆಲಸ ಪೊಟ್ಟಣದ ಲೇಬಲ್. ರಾಜ್ಯ ಸರ್ಕಾರ 2016ರ ಮಾರ್ಚ್ 11ರ ಅಧಿಸೂಚನೆಯಲ್ಲೇ ಪ್ಲಾಸ್ಟಿಕ್ ಫ್ಲೆಕ್ಸನ್ನೂ ನಿಷೇಧಿಸಿದೆ. ಅದೊಂದನ್ನೇ ನಂಬಿ ಸಾಲ ಮಾಡುವುದು ತರವಲ್ಲ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ಖಾರದಪುಡಿ ಮಾಡುವ ಮಹಿಳಾ ಸಂಘಕ್ಕೆ ಲೇಬಲ್ ಬೇಕು. ರಾಣೇಬೆನ್ನೂರಿನ ಬೀಜದ ವ್ಯಾಪಾರಿಗೆ ಚೀಲದ ಮೇಲೆ ಅಚ್ಚು ಬೇಕು.

ಬ್ಯಾಡಗಿಯ ಡಬ್ಬಿ ತಳಿಯ ಒಂದು ಮೆಣಸಿನಕಾಯಿ ಕೈಯಲ್ಲಿ ಹಿಡಿದು ನೋಡಿ. ಸುಕ್ಕುಸುಕ್ಕು ಮೈ, ಗೆರೆಯ ತಳದಲ್ಲಿ ಕಪ್ಪಿಗೆ ತಿರುಗಿದ ಕೆಂಪು, ಉಬ್ಬಿನ ಮೇಲೆ ಮಿಂಚುವ ಕೆಂಪು. ಪರದೆಯ ಮೇಲೆ ಇದನ್ನು ಪೂರ್ತಿ ಕೆಂಪು ಹಾಕಿ ಹೊಳೆಯಿಸಿದರೆ ಗಿರಾಕಿಗೆ ಬಲು ಇಷ್ಟವಾಗುತ್ತದೆ. ಆದರೆ ಪರದೆಯ ಆ ಉರಿಗೆಂಪು ಶಾಯಿಯಲ್ಲಿ ಇಲ್ಲವೇ ಇಲ್ಲ. ಮುದ್ರಣದಲ್ಲಿ ಕೆಂಪು ಹುಟ್ಟುವುದು ಮಜೆಂಟಾ 100, ಹಳದಿ 100 ಬೆರೆತು. ಅದು ಪರದೆಯದಕ್ಕಿಂತ ಮಂಕು. ಕಪ್ಪು ಶಾಯಿ ಸ್ವಲ್ಪ ಹೆಚ್ಚಾದರೆ ಹೋದ ವರ್ಷದ ಕಾಯಿಯಂತೆ ಕಂದು. ಸಾವಿರ ಲೇಬಲ್ ಅಚ್ಚಾಗಿ ಬಂದಮೇಲೆ ಇದು ಗೊತ್ತಾದರೆ ನಷ್ಟ ಯಾರದೆಂದು ಜಗಳ.

ಆದ್ದರಿಂದಲೇ ಮಾನಿಟರಿಗೆ 9,500. ಅಗ್ಗದ ಟಿಎನ್ ಪರದೆಯಲ್ಲಿ ತಲೆ ಸ್ವಲ್ಪ ಎತ್ತಿದರೆ ಒಂದು ಬಣ್ಣ, ತಗ್ಗಿಸಿದರೆ ಇನ್ನೊಂದು. ಐಪಿಎಸ್‌ನಲ್ಲಿ ನೀವು ನೋಡಿದ್ದೇ ಪಕ್ಕದಲ್ಲಿ ನಿಂತ ಗಿರಾಕಿಗೂ ಕಾಣುತ್ತದೆ. ಡಬ್ಬದ ಮೇಲೆ ಎಸ್‌ಆರ್‌ಜಿಬಿ 99 ಪ್ರತಿಶತ ಎಂದು ಬರೆದಿದೆಯೇ ನೋಡಿ, ಬಣ್ಣದ ತಾಪ 6,500 ಕೆಲ್ವಿನ್‌ಗೆ ಇಡಿ, ಬಾಗಿಲ ಬಿಸಿಲು ಪರದೆಗೆ ಹೊಡೆಯದಂತೆ ಟೇಬಲ್ ತಿರುಗಿಸಿ. ಪ್ರೆಸ್ಸಿನವರಿಂದ ಕೆಂಪಿನ ಹತ್ತು ಬಗೆಯ ಮಿಶ್ರಣ ಅಚ್ಚುಹಾಕಿಸಿದ ಒಂದು ಹಾಳೆ ತಂದು ಪರದೆಯ ಪಕ್ಕ ತೂಗುಹಾಕಿ. ಗಿರಾಕಿ ಬಣ್ಣ ಆರಿಸಬೇಕಾದದ್ದು ಆ ಹಾಳೆಯಿಂದ. ಲೇಬಲಿನ ಅಕ್ಷರ ಮತ್ತು ಆಹಾರ ಪರವಾನಗಿಯ 14 ಅಂಕಿಯ ಸಂಖ್ಯೆಯನ್ನು ಕೋರೆಲ್‌ಡ್ರಾದಲ್ಲೋ ಇಂಕ್‌ಸ್ಕೇಪಿನಲ್ಲೋ ವೆಕ್ಟರ್ ಆಗಿಯೇ ಇಡಿ. ಎಷ್ಟು ಸಣ್ಣದಾದರೂ ಒಡೆಯುವುದಿಲ್ಲ. ನುಡಿಯ ಹಳೆಯ ಆಸ್ಕಿ ಫಾಂಟ್ ಬಳಸಿದ್ದರೆ ಕರ್ವ್ ಮಾಡದೆ ಪ್ರೆಸ್ಸಿಗೆ ಕಳಿಸಬೇಡಿ, ಅಲ್ಲಿ ಆ ಫಾಂಟ್ ಇಲ್ಲದಿದ್ದರೆ ಕನ್ನಡ ಹೋಗಿ ಇಂಗ್ಲಿಷ್ ಅಕ್ಷರಗಳ ರಾಶಿ ಬರುತ್ತದೆ.

ಕರೆಂಟಿನ ಲೆಕ್ಕ ಸಣ್ಣದು. ಕಾರ್ಡ್ ಇಲ್ಲದ ಈ ಯಂತ್ರ ಮಾನಿಟರ್ ಸೇರಿ 100 ವ್ಯಾಟ್ ಎಂದು ಹಿಡಿಯಿರಿ. ದಿನಕ್ಕೆ 8 ಗಂಟೆ, ತಿಂಗಳಿಗೆ 26 ದಿನ, 20.8 ಯೂನಿಟ್. ಯೂನಿಟ್ಟಿಗೆ 8 ರೂಪಾಯಿ ಎಂದುಕೊಂಡರೆ 166 ರೂಪಾಯಿ. ನಿಮ್ಮ ಹೆಸ್ಕಾಂ ಬಿಲ್ಲಿನ ದರ ಹಾಕಿ ತಿದ್ದಿಕೊಳ್ಳಿ. ಸಾಮಾನ್ಯ ಯುಪಿಎಸ್‌ನೊಳಗಿನ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವುದು 84 ವ್ಯಾಟ್-ಅವರ್. 100 ವ್ಯಾಟಿಗೆ ಕಾಗದದ ಮೇಲೆ 50 ನಿಮಿಷ ಬರಬೇಕು, ಸೋರಿಕೆ ಕಳೆದು 20 ನಿಮಿಷ ನಂಬಿ. ಫೈಲ್ ಉಳಿಸಿ ಯಂತ್ರ ಆರಿಸಲು ಅಷ್ಟು ಸಾಕು. ಮುದ್ರಣದ ಯಂತ್ರವನ್ನು ಅದಕ್ಕೆ ಜೋಡಿಸಬೇಡಿ.

56,000 ಕೈಯಲ್ಲಿಲ್ಲದವರಿಗೆ ಕಂಪನಿಗಳು ಬಳಸಿ ಬಿಟ್ಟ ಯಂತ್ರಗಳ ದಾರಿ ಇದೆ. ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್ ಗಟ್ಟಿ ಯಂತ್ರಗಳೇ. ಆದರೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದಿದೆ, ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಇಂಟೆಲ್‌ನಲ್ಲಿ 8ನೇ ತಲೆಮಾರಿನಿಂದ. ಐ5-8500 ಎಂದಿದ್ದರೆ ಗೆರೆಯ ನಂತರದ 8 ನೋಡಿ, ಅದು ಆರು ಕೋರಿನದು, ಕೊಳ್ಳಬಹುದು. ಐ5-6500 ಎಂದಿದ್ದರೆ ನಾಲ್ಕೇ ಕೋರು, ವಿಂಡೋಸ್ 11ಕ್ಕೆ ಅರ್ಹವಲ್ಲ. ಎಷ್ಟೇ ಅಗ್ಗಕ್ಕೆ ಕೊಟ್ಟರೂ ವ್ಯಾಪಾರಕ್ಕೆ ಬೇಡ. 16 ಜಿಬಿ ರ‍್ಯಾಮ್, ಎಸ್‌ಎಸ್‌ಡಿ, ಕೀಬೋರ್ಡ್-ಮೌಸ್ ಸಹಿತ 18,000ದೊಳಗೆ ಸಿಕ್ಕರೆ, ಹೊಸ ಮಾನಿಟರ್, ಯುಪಿಎಸ್, ಹೊರಗಿನ ಡಿಸ್ಕ್ ಸೇರಿ 35,500ಕ್ಕೆ ಮುಗಿಯುತ್ತದೆ, 20,500 ಉಳಿತಾಯ. ಗಿಡ್ಡ ಕ್ಯಾಬಿನೆಟ್ಟಿನವುಗಳಲ್ಲಿ ಎಸ್‌ಎಂಪಿಎಸ್ ಆ ಕಂಪನಿಯದೇ ಬೇಕು, ಸುಟ್ಟರೆ ಬಿಡಿಭಾಗಕ್ಕೆ ಅಲೆದಾಟ.

ಹೊಸದಕ್ಕೆ ಸಾಲ ಬೇಕಾದರೆ ಮುದ್ರಾ ಯೋಜನೆಯ ಶಿಶು ವರ್ಗದಲ್ಲಿ 50,000 ರೂಪಾಯಿವರೆಗೆ ಸಿಗುತ್ತದೆ, ಜಾಮೀನು ಆಸ್ತಿ ಬೇಕಿಲ್ಲ. ಕೈಯಿಂದ 6,000 ಹಾಕಿದರೆ ಸಾಕು. ಬಡ್ಡಿ ಶೇ 12 ಎಂದು ಹಿಡಿದು 36 ತಿಂಗಳಿಗೆ ಕಂತು 1,661, ಒಟ್ಟು ಬಡ್ಡಿ 9,786ರ ಹತ್ತಿರ. 56,000ದಲ್ಲಿ ಶೇ 18ರ ಜಿಎಸ್‌ಟಿ ಪಾಲು 8,542. ಸಾಮಾನ್ಯ ಜಿಎಸ್‌ಟಿ ನೋಂದಣಿ ಇದ್ದವರಿಗೆ ಅದು ಲೆಕ್ಕದಲ್ಲಿ ವಾಪಸು ಬರುತ್ತದೆ. ನೋಂದಣಿ ಇಲ್ಲದವರೂ ವಾರಂಟಿಗಾಗಿ ಪಕ್ಕಾ ಬಿಲ್ ಕೇಳಿ. ಯಂತ್ರ ನಾಲ್ಕು ವರ್ಷ, ವರ್ಷಕ್ಕೆ 300 ದಿನ ದುಡಿದರೆ ದಿನಕ್ಕೆ ಬೀಳುವುದು 47 ರೂಪಾಯಿ.

ಸಾಫ್ಟ್‌ವೇರಿನ ರೊಕ್ಕ ಇದರಲ್ಲಿ ಸೇರಿಲ್ಲ. ಕಳ್ಳ ನಕಲು ಹಾಕಿಸಿಕೊಡುತ್ತೇವೆ ಎಂದರೆ ಒಪ್ಪಬೇಡಿ. ಹಕ್ಕುಸ್ವಾಮ್ಯ ಕಾಯ್ದೆಯ 63ಬಿ ಕಲಂ ಪ್ರಕಾರ ಗೊತ್ತಿದ್ದೂ ಬಳಸಿದರೆ 7 ದಿನದಿಂದ 3 ವರ್ಷ ಸೆರೆ, 50,000ದಿಂದ 2 ಲಕ್ಷ ದಂಡ. ಅಂದರೆ ಕನಿಷ್ಠ ದಂಡವೇ ಇಡೀ ಯಂತ್ರದ ಬೆಲೆಯ ಹತ್ತಿರ. ಇಂಕ್‌ಸ್ಕೇಪ್, ಗಿಂಪ್, ಸ್ಕ್ರೈಬಸ್ ಮೂರೂ ಉಚಿತ, ಯುನಿಕೋಡ್ ಕನ್ನಡದಲ್ಲಿ ಕೆಲಸ ಮಾಡಬಹುದು. ಮೊದಲ ಆರು ತಿಂಗಳು ಅವುಗಳ ಮೇಲೆ ದುಡಿದು, ಗಳಿಸಿದ್ದರಲ್ಲಿ ಬೇಕಾದದ್ದನ್ನು ಕೊಳ್ಳಿ.

ಮದುವೆ ವಿಡಿಯೊ ಎಡಿಟಿಂಗ್ ಅಥವಾ ತ್ರೀಡಿ ಕೆಲಸ ಮುಂದೆ ನಿಜಕ್ಕೂ ಬಂದರೆ ಆಗ ಕಾರ್ಡ್ ಹಾಕಿಸಿ, ಅದಕ್ಕೆಂದೇ ಬೋರ್ಡಿನಲ್ಲಿ ಜಾಗವಿದೆ. ಈಗ ಅಂಗಡಿಗೆ ಹೋಗುವಾಗ ನಿಮ್ಮದೇ 10x4 ಬ್ಯಾನರಿನ ಫೈಲನ್ನು 100 ಡಿಪಿಐ, ಐದು ಪದರದೊಂದಿಗೆ ಪೆನ್‌ಡ್ರೈವಿನಲ್ಲಿ ಒಯ್ಯಿರಿ, ಕಿಸೆಯಲ್ಲಿ ಡಬ್ಬಿ ತಳಿಯ ಒಂದು ಮೆಣಸಿನಕಾಯಿ ಇರಲಿ. ಫೈಲನ್ನು ಆ ಯಂತ್ರದಲ್ಲಿ ತೆರೆದು, ಒಂದು ಪದರ ಸರಿಸಿ, ಉಳಿಸಿ ನೋಡಿ. ಕಾಯಿಯನ್ನು ಪರದೆಯ ಪಕ್ಕ ಹಿಡಿದು ನೋಡಿ. ಆಮೇಲೆ ರೊಕ್ಕ ಎಣಿಸಿ.